ಕಂಪ್ಯೂಟರಿನೊಳಗಿನ ಗಿರಣಿ



ಈ ಪಾಠವನ್ನು ಬರೆಯುತ್ತಿರುವವನು ಪಂಡಿತನಲ್ಲ. ಮೆಟ್ರಿಕ್ ಪಾಸಾಗಿ, ಗಿರಣಿಯೊಂದರ ಪಗಾರ ಖಾತೆಯಲ್ಲಿ ಗುಮಾಸ್ತನಾಗಿ ದುಡಿಯುತ್ತ, ಭಾನುವಾರ ನಮ್ಮ ವಾಚನಾಲಯದ ಬಾಗಿಲು ತೆರೆದು ಪತ್ರಿಕೆಗಳನ್ನು ಜೋಡಿಸಿಡುವವನು. ಕಂಪ್ಯೂಟರಿನ ಮುಂದೆ ದಿನಕ್ಕೆ ಎಂಟು ತಾಸು ಕುಳಿತರೂ ಅದರ ಒಳಗೇನಿದೆ ಎಂದು ಬಹುಕಾಲ ನಾನು ವಿಚಾರಿಸಿರಲಿಲ್ಲ. ವಿಚಾರಿಸುವಂತೆ ಮಾಡಿದವರು ನಮ್ಮ ಗಿರಣಿಯ ನೂಲುವ ಖಾತೆಯ ಒಬ್ಬ ಹಿರಿಯರು.

ಕಳೆದ ವರ್ಷ ಪಗಾರವಾದ ಮರುದಿನ ಅವರು ನನ್ನ ಮೇಜಿನ ಬಳಿ ಬಂದರು. ಕೈಯಲ್ಲಿ ಪಗಾರ ಚೀಟಿ, ಇನ್ನೊಂದು ಕೈಯಲ್ಲಿ ಕಿಸೆಯೊಳಗಿನ ಸಣ್ಣ ನೋಟುಬುಕ್ಕು.

“ತಮ್ಮಾ, ಓವರ್‌ಟೈಮಿನಾಗ ಐದು ತಾಸು ಕಡಿಮಿ ಬಂದಾವ. ಸ್ವಲ್ಪ ನೋಡಪಾ” ಎಂದರು.

ನಾನು ತಲೆಯೆತ್ತದೆಯೇ, “ಕಾಕಾ, ಇದು ಕಂಪ್ಯೂಟರ್ ಮಾಡಿದ ಲೆಕ್ಕರೀ. ಅದು ತಪ್ಪೂದಿಲ್ಲ” ಎಂದೆ.

“ಹಂಗಾದ್ರ ನನ್ನ ಗಡಿಯಾರನ ತಪ್ಪಿರಬೇಕು ಬಿಡು” ಎಂದು ಅವರು ನೋಟುಬುಕ್ಕನ್ನು ಕಿಸೆಗೆ ಹಾಕಿಕೊಂಡು ಹೊರಟುಹೋದರು.

ಆ ಮಾತು ನನ್ನನ್ನು ಚುಚ್ಚಿತು. ಆ ಐದು ತಾಸು ಎಲ್ಲಿ ಹೋಗಿದ್ದವು ಎಂಬುದನ್ನು ಪಾಠದ ಕೊನೆಯಲ್ಲಿ ಹೇಳುವೆನು. ಅದನ್ನು ತಿಳಿಯಬೇಕಾದರೆ ಮೊದಲು ಯಂತ್ರದ ಒಳಗನ್ನು ನೋಡಬೇಕು.

೧. ಗಿರಣಿ ಮತ್ತು ಉಗ್ರಾಣ

ಕಂಪ್ಯೂಟರಿಗೂ ನಮ್ಮಂಥ ಗಿರಣಿಯವರಿಗೂ ಹಳೆಯ ನಂಟುಂಟು. ಫ್ರಾನ್ಸ್ ದೇಶದ ಲಿಯಾನ್ ಪಟ್ಟಣ ರೇಷ್ಮೆ ನೇಯ್ಗೆಗೆ ಪ್ರಸಿದ್ಧವಾದುದು. ಅಲ್ಲಿಯ ಜೋಸೆಫ್ ಮರಿ ಜಕಾರ್ಡ್ ಎಂಬಾತನು ೧೮೦೪ರಲ್ಲಿ ಒಂದು ಮಗ್ಗದ ಯಂತ್ರವನ್ನು ರೂಪಿಸಿದನು. ಬಟ್ಟೆಯಲ್ಲಿ ಹೂವು ಬಳ್ಳಿ ಮೂಡಬೇಕಾದರೆ ಪ್ರತಿಯೊಂದು ಎಳೆ ಹಾಯುವಾಗಲೂ ಹಾಸಿನ ಕೆಲವು ದಾರಗಳು ಮೇಲೇಳಬೇಕು, ಉಳಿದವು ಕೆಳಗಿರಬೇಕು. ಜಕಾರ್ಡನು ಇದನ್ನು ದಪ್ಪ ಕಾಗದದ ಕಾರ್ಡುಗಳಲ್ಲಿ ತೂತು ಕೊರೆದು ತಿಳಿಸಿದನು. ತೂತಿದ್ದಲ್ಲಿ ದಾರ ಏಳುತ್ತದೆ, ತೂತಿಲ್ಲದಲ್ಲಿ ಏಳುವುದಿಲ್ಲ. ಕಾರ್ಡುಗಳ ಸರವನ್ನು ಬದಲಿಸಿದರೆ ಅದೇ ಮಗ್ಗ ಬೇರೆ ಚಿತ್ತಾರವನ್ನು ನೇಯುತ್ತದೆ. ಸೊಲ್ಲಾಪುರದ ಚಾದರಗಳ ಚಿತ್ತಾರಕ್ಕೂ ಈ ಜಕಾರ್ಡ್ ಮಗ್ಗವೇ ಆಧಾರ.

ಇದನ್ನು ಕಂಡು ಬೆರಗಾದವನು ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್. ಜಕಾರ್ಡನ ಭಾವಚಿತ್ರವೊಂದನ್ನು ಸುಮಾರು ೨೪,೦೦೦ ಕಾರ್ಡುಗಳಿಂದ ರೇಷ್ಮೆಯಲ್ಲಿ ನೇಯ್ದಿದ್ದರು. ಅದರ ಒಂದು ಪ್ರತಿಯನ್ನು ಬ್ಯಾಬೇಜನು ತನ್ನ ಬಳಿ ಇಟ್ಟುಕೊಂಡಿದ್ದನು. ಕಾರ್ಡುಗಳು ದಾರವನ್ನು ನಡೆಸಬಹುದಾದರೆ ಅಂಕಿಗಳನ್ನು ಏಕೆ ನಡೆಸಬಾರದು ಎಂಬುದು ಅವನ ವಿಚಾರ. ೧೮೩೦ರ ದಶಕದಲ್ಲಿ ಅವನು ಹಲ್ಲುಚಕ್ರಗಳಿಂದ ಕೂಡಿದ ದೊಡ್ಡ ಲೆಕ್ಕದ ಯಂತ್ರವೊಂದರ ನಕ್ಷೆಯನ್ನು ಸಿದ್ಧಪಡಿಸಿದನು. ಅದರಲ್ಲಿ ಎರಡು ಮುಖ್ಯ ಭಾಗಗಳು. ಅಂಕಿಗಳನ್ನು ಇಟ್ಟುಕೊಳ್ಳುವ ಭಾಗಕ್ಕೆ ಅವನಿಟ್ಟ ಹೆಸರು ‘ಉಗ್ರಾಣ’. ಅಂಕಿಗಳನ್ನು ತಂದು ಕೂಡಿಸಿ ಕಳೆಯುವ ಭಾಗಕ್ಕೆ ಅವನಿಟ್ಟ ಹೆಸರೇನು ಗೊತ್ತೇ? ‘ಗಿರಣಿ’!

ಆ ಯಂತ್ರ ಅವನ ಜೀವಮಾನದಲ್ಲಿ ಪೂರ್ಣವಾಗಲಿಲ್ಲ. ಆದರೆ ಅವನು ಕಂಡ ಕ್ರಮ ಇಂದಿಗೂ ಇದೆ. ಉಗ್ರಾಣದಿಂದ ಅಂಕಿ ತರುವುದು, ಗಿರಣಿಯಲ್ಲಿ ಸಂಸ್ಕರಿಸುವುದು, ಮರಳಿ ಉಗ್ರಾಣಕ್ಕೆ ಸೇರಿಸುವುದು, ಏನು ಮಾಡಬೇಕೆಂಬುದನ್ನು ಕಾರ್ಡಿನಂತೆ ಮೊದಲೇ ಬರೆದಿಡುವುದು. ಇಂದು ನಾವು ಗಿರಣಿಯನ್ನು ಪ್ರೊಸೆಸರ್ ಎಂದೂ, ಉಗ್ರಾಣವನ್ನು ಮೆಮೊರಿ ಎಂದೂ, ಕಾರ್ಡುಗಳ ಸರವನ್ನು ಪ್ರೋಗ್ರಾಮ್ ಎಂದೂ ಕರೆಯುತ್ತೇವೆ. ಈ ಮೂರು ಮಾತು ತಿಳಿದರೆ ಅರ್ಧ ಪಾಠ ಮುಗಿದಂತೆ.

೨. ಎರಡೇ ಅಂಕಿಯ ಲೆಕ್ಕ

ನಮಗೆ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿಗಳು. ಕಂಪ್ಯೂಟರಿಗೆ ಎರಡೇ: ಸೊನ್ನೆ ಮತ್ತು ಒಂದು. ಇದಕ್ಕೆ ಕಾರಣ ಸರಳವಾದುದು. ತಂತಿಯಲ್ಲಿ ವಿದ್ಯುತ್ತು ಹತ್ತು ಬಗೆಯ ಬಲದಲ್ಲಿ ಹರಿಯುತ್ತದೆಂದು ಇಟ್ಟುಕೊಂಡರೆ, ಬಲ ಸ್ವಲ್ಪ ಕುಗ್ಗಿದಾಗ ಏಳು ಯಾವುದು, ಆರು ಯಾವುದು ಎಂಬ ಗೊಂದಲ ಹುಟ್ಟೀತು. ‘ಇದೆ’ ಅಥವಾ ‘ಇಲ್ಲ’ ಎಂದು ಎರಡೇ ಸ್ಥಿತಿಗಳಿದ್ದರೆ ತಪ್ಪುವ ಸಂಭವ ತೀರ ಕಡಿಮೆ. ಇಂಥ ಒಂದು ‘ಇದೆ–ಇಲ್ಲ’ಕ್ಕೆ ಬಿಟ್ ಎಂದು ಹೆಸರು. ಜಕಾರ್ಡನ ಕಾರ್ಡಿನಲ್ಲಿ ತೂತಿರುವುದು, ಇಲ್ಲದಿರುವುದು ಕೂಡ ಒಂದು ಬಿಟ್ಟೇ.

ಎರಡೇ ಅಂಕಿಗಳಿಂದ ದೊಡ್ಡ ಸಂಖ್ಯೆಗಳನ್ನು ಬರೆಯುವುದು ಹೇಗೆ? ತಕ್ಕಡಿಯ ಬಳಿ ಒಂದು ಕಿಲೋ, ಎರಡು ಕಿಲೋ, ನಾಲ್ಕು ಕಿಲೋ, ಎಂಟು ಕಿಲೋ ತೂಕದ ನಾಲ್ಕು ಕಲ್ಲುಗಳಿವೆಯೆಂದು ತಿಳಿಯಿರಿ. ಹದಿಮೂರು ಕಿಲೋ ಜೋಳ ತೂಗಬೇಕು. ಎಂಟರ ಕಲ್ಲು ಇಟ್ಟೆವು, ನಾಲ್ಕರದು ಇಟ್ಟೆವು, ಎರಡರದು ಬೇಡ, ಒಂದರದು ಇಟ್ಟೆವು. ಇಟ್ಟುದಕ್ಕೆ ೧, ಇಡದುದಕ್ಕೆ ೦ ಎಂದು ದೊಡ್ಡ ಕಲ್ಲಿನಿಂದ ಆರಂಭಿಸಿ ಬರೆದರೆ ೧೧೦೧ ಆಯಿತು. ಕಂಪ್ಯೂಟರಿನ ಭಾಷೆಯಲ್ಲಿ ಹದಿಮೂರೆಂದರೆ ಇದೇ. ಈ ನಾಲ್ಕು ಕಲ್ಲುಗಳಿಂದ ಹದಿನೈದರವರೆಗಿನ ಯಾವ ತೂಕವನ್ನಾದರೂ ತೂಗಬಹುದು. ಒಂದೊಂದು ತೂಕಕ್ಕೂ ಒಂದೇ ಜೋಡಣೆ. ಮನೆಯಲ್ಲಿ ಮಕ್ಕಳೊಡನೆ ಮಾಡಿ ನೋಡಿರಿ.

ಹೀಗೆ ಇಮ್ಮಡಿಯಾಗುತ್ತ ಹೋಗುವ ಎಂಟು ಕಲ್ಲುಗಳಿದ್ದರೆ ಕೊನೆಯದು ೧೨೮ರ ಕಲ್ಲು. ಅವುಗಳಿಂದ ೦ಯಿಂದ ೨೫೫ರವರೆಗೆ ಒಟ್ಟು ೨೫೬ ಸಂಖ್ಯೆಗಳನ್ನು ತೋರಿಸಬಹುದು. ಎಂಟು ಬಿಟ್ಟುಗಳ ಈ ಕಂತೆಗೆ ಬೈಟ್ ಎನ್ನುತ್ತಾರೆ. ಸುಮಾರು ಸಾವಿರ ಬೈಟಿಗೆ ಕೆಬಿ, ಸುಮಾರು ಹತ್ತು ಲಕ್ಷಕ್ಕೆ ಎಂಬಿ, ಸುಮಾರು ನೂರು ಕೋಟಿಗೆ ಜಿಬಿ.

ಕಂಪ್ಯೂಟರಿಗೆ ಅಕ್ಷರ ತಿಳಿಯದು. ಅಕ್ಷರಕ್ಕೂ ಅದು ಅಂಕಿಯನ್ನೇ ಇಡುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಕ್ರಮಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪಟ್ಟಿಯಿದೆ. ೧೯೯೧ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅದರಲ್ಲಿ ‘ಅ’ದ ಸಂಖ್ಯೆ ೩೨೦೫, ‘ಕ’ದ ಸಂಖ್ಯೆ ೩೨೨೧. ‘ಕನ್ನಡ’ ಎಂದು ಬರೆದಾಗ ಯಂತ್ರವು ಐದು ಚಿಹ್ನೆಗಳನ್ನು ಎಣಿಸುತ್ತದೆ: ಕ, ನ, ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆ, ಮತ್ತೆ ನ, ಕೊನೆಗೆ ಡ. ಇಂದು ಹೆಚ್ಚು ಬಳಕೆಯಲ್ಲಿರುವ ಕ್ರಮದಲ್ಲಿ ಒಂದೊಂದು ಚಿಹ್ನೆಗೆ ಮೂರು ಬೈಟಿನಂತೆ ‘ಕನ್ನಡ’ಕ್ಕೆ ಹದಿನೈದು ಬೈಟು ಬೇಕು. ನೀವು ಊರಿಗೆ ಕಳಿಸುವ ಮೊಬೈಲ್ ಸಂದೇಶ ಹೋಗುವುದು ಈ ಸೊನ್ನೆ ಒಂದುಗಳ ಸಾಲಾಗಿಯೇ.

೩. ಮೆಟ್ಟಿಲ ದೀಪವೂ ಕೂಡಿಸುವ ಲೆಕ್ಕವೂ

ತಂತಿಗಳಿಗೆ ಕೂಡಿಸುವುದು ಹೇಗೆ ಬಂದೀತು ಎಂದು ನಾನೂ ಬಹಳ ತಲೆ ಕೆಡಿಸಿಕೊಂಡಿದ್ದೆ. ಉತ್ತರ ಚಾಳಿನ ಮೆಟ್ಟಿಲಲ್ಲೇ ಇತ್ತು.

ಕೆಲವು ಮೆಟ್ಟಿಲುಗಳಲ್ಲಿ ಒಂದೇ ದೀಪಕ್ಕೆ ಕೆಳಗೊಂದು, ಮೇಲೊಂದು ಗುಂಡಿ ಇರುತ್ತದೆ. ಎರಡೂ ಗುಂಡಿ ಕೆಳಮುಖವಾಗಿದ್ದಾಗ ದೀಪ ಆರಿದೆ ಎನ್ನಿ. ಯಾವುದಾದರೊಂದನ್ನು ಒತ್ತಿದರೆ ಹತ್ತುತ್ತದೆ. ಎರಡನ್ನೂ ಒತ್ತಿದರೆ ಮತ್ತೆ ಆರುತ್ತದೆ. ಈಗ ಎರಡೇ ಅಂಕಿಯ ಕೂಡಿಕೆಯನ್ನು ನೋಡೋಣ. ಸೊನ್ನೆಗೆ ಸೊನ್ನೆ ಕೂಡಿದರೆ ಸೊನ್ನೆ. ಸೊನ್ನೆಗೆ ಒಂದು ಕೂಡಿದರೆ ಒಂದು. ಒಂದಕ್ಕೆ ಒಂದು ಕೂಡಿದರೆ ಎರಡು. ತೂಕದ ಕಲ್ಲಿನ ಕ್ರಮದಲ್ಲಿ ಅದನ್ನು ೧೦ ಎಂದು ಬರೆಯಬೇಕು. ಅಂದರೆ ಇಲ್ಲಿ ಸೊನ್ನೆ ಬರೆದು, ಶಾಲೆಯಲ್ಲಿ ಹೇಳುತ್ತಿದ್ದಂತೆ, ‘ಕೈಯಲ್ಲಿ ಒಂದು’ ಇಟ್ಟುಕೊಳ್ಳಬೇಕು. ಬಲಗಡೆಯ ಅಂಕಿ ಮೆಟ್ಟಿಲ ದೀಪದಂತೆಯೇ ಹತ್ತಿ ಆರುತ್ತದೆಯಲ್ಲವೇ?

ಇನ್ನು ‘ಕೈಯಲ್ಲಿ ಒಂದು’ ಉಳಿಯಿತು. ಒಂದೇ ತಂತಿಯ ಮೇಲೆ ಒಂದರ ಹಿಂದೆ ಒಂದರಂತೆ ಎರಡು ಗುಂಡಿಗಳನ್ನು ಕೂಡಿಸಿದರೆ, ಎರಡನ್ನೂ ಒತ್ತಿದಾಗ ಮಾತ್ರ ಆ ತಂತಿಯ ದೀಪ ಹತ್ತುತ್ತದೆ. ಅದೇ ‘ಕೈಯಲ್ಲಿ ಒಂದು’. ಈ ಎರಡು ಬಗೆಯ ಜೋಡಣೆಯಿಂದ ಒಂದು ಸ್ಥಾನದ ಕೂಡಿಕೆ ಮುಗಿಯಿತು. ಹಿಂದಿನ ಸ್ಥಾನದಿಂದ ಬಂದುದನ್ನೂ ಸೇರಿಸಿಕೊಳ್ಳುವಂತೆ ಇಂಥವನ್ನು ಸಾಲಾಗಿ ಜೋಡಿಸಿದರೆ ಎಷ್ಟು ದೊಡ್ಡ ಸಂಖ್ಯೆಯನ್ನಾದರೂ ಕೂಡಿಸಬಹುದು. ಗುಣಾಕಾರವೂ ಮತ್ತೆ ಮತ್ತೆ ಕೂಡಿಸುವುದೇ.

ಆದರೆ ಈ ಗುಂಡಿಗಳನ್ನು ಒತ್ತುವವರು ಯಾರು? ಮನುಷ್ಯನ ಕೈ ಅಷ್ಟು ಬೇಗ ಓಡಲಾರದು. ಒಂದು ತಂತಿಯ ವಿದ್ಯುತ್ತೇ ಇನ್ನೊಂದು ತಂತಿಯ ಗುಂಡಿಯನ್ನು ಒತ್ತಬೇಕು. ಹಿಂದೆ ಇದಕ್ಕೆ ಗಾಜಿನ ವಾಲ್ವುಗಳನ್ನೂ ಬಳಸುತ್ತಿದ್ದರು. ೧೯೪೬ರಲ್ಲಿ ಅಮೆರಿಕದಲ್ಲಿ ಜನರಿಗೆ ತೋರಿಸಲಾದ ಎನಿಯಾಕ್ ಎಂಬ ಯಂತ್ರದಲ್ಲಿ ಸುಮಾರು ೧೮,೦೦೦ ವಾಲ್ವುಗಳಿದ್ದವು; ಅದು ಒಂದು ದೊಡ್ಡ ಕೋಣೆಯನ್ನೇ ತುಂಬಿತ್ತು. ೧೯೪೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ವಾಲ್ವು ಮಾಡುತ್ತಿದ್ದ ಕೆಲಸವನ್ನು ಅದು ಕಾಳಿನಷ್ಟು ಜಾಗದಲ್ಲಿ ಮಾಡಿತು. ೧೯೭೧ರಲ್ಲಿ ಇಂಟೆಲ್ ಕಂಪನಿ ತಂದ ೪೦೦೪ ಎಂಬ ಚಿಪ್ಪಿನಲ್ಲಿ ಸುಮಾರು ೨,೩೦೦ ಟ್ರಾನ್ಸಿಸ್ಟರುಗಳು ಒಂದೇ ಸಿಲಿಕಾನ್ ಚೂರಿನ ಮೇಲೆ ಕೂತವು. ಇಂದು ನಮ್ಮ ಕಿಸೆಯ ಮೊಬೈಲಿನ ಚಿಪ್ಪಿನಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿವೆ. ಸಂಖ್ಯೆ ಬೆಳೆದಿದೆ, ಕೆಲಸ ಮಾತ್ರ ಅದೇ ಮೆಟ್ಟಿಲ ದೀಪದ ಕೆಲಸ.

೪. ಎರಡು ಉಗ್ರಾಣಗಳು

ಮೊಬೈಲ್ ಕೊಳ್ಳಲು ಹೋದಾಗ ಅಂಗಡಿಯವನು “ಎಂಟು ಜಿಬಿ ರ‍್ಯಾಮ್, ನೂರಿಪ್ಪತ್ತೆಂಟು ಜಿಬಿ ಸ್ಟೋರೇಜ್” ಎಂದು ಹೇಳುತ್ತಾನೆ. ನಾವು ತಿಳಿದವರಂತೆ ತಲೆದೂಗುತ್ತೇವೆ. ಇವು ಎರಡು ಬೇರೆ ಬೇರೆ ಉಗ್ರಾಣಗಳು.

ರ‍್ಯಾಮ್ ಎಂದರೆ ಗುಮಾಸ್ತನ ಮೇಜು. ಈ ಗಳಿಗೆಯ ಕೆಲಸಕ್ಕೆ ಬೇಕಾದ ಕಾಗದಗಳಷ್ಟೇ ಅಲ್ಲಿ ಹರಡಿರುತ್ತವೆ, ಕೈಚಾಚಿದರೆ ಸಿಗುತ್ತವೆ. ಸ್ಟೋರೇಜ್ ಎಂದರೆ ಗೋಡೆಯ ಪಕ್ಕದ ಕಪಾಟು. ಅದರಲ್ಲಿ ಹೆಚ್ಚು ಹಿಡಿಯುತ್ತದೆ, ಬಹುಕಾಲ ಉಳಿಯುತ್ತದೆ; ಆದರೆ ಎದ್ದುಹೋಗಿ ತರಬೇಕಾದ್ದರಿಂದ ನಿಧಾನ. ಒಮ್ಮೆಗೆ ಹಲವು ಕೆಲಸ ತೆರೆದಾಗ ಮೊಬೈಲ್ ತಡವರಿಸಿದರೆ ಮೇಜು ಸಾಲದೆ ಬಂದಿರಬಹುದು. ‘ಸ್ಟೋರೇಜ್ ಫುಲ್’ ಎಂದು ಬಂದರೆ ಕಪಾಟು ತುಂಬಿದೆ.

ರ‍್ಯಾಮಿನ ಇನ್ನೊಂದು ಗುಣವನ್ನು ನೆನಪಿಡಬೇಕು. ಅದರಲ್ಲಿ ಒಂದೊಂದು ಬಿಟ್ಟೂ ಅತಿ ಸಣ್ಣ ಕೊಡದೊಳಗಿನ ವಿದ್ಯುತ್ತಿನಂತೆ. ಆ ಕೊಡಗಳು ಸೋರುತ್ತವೆ. ಸೆಕೆಂಡಿಗೆ ಹಲವು ಸಲ ಅವನ್ನು ಮತ್ತೆ ತುಂಬುತ್ತಲೇ ಇರಬೇಕು. ಕರೆಂಟು ಹೋದೊಡನೆ ತುಂಬುವುದು ನಿಂತು ಎಲ್ಲವೂ ಬರಿದಾಗುತ್ತದೆ. ಸ್ಟೋರೇಜಿನಲ್ಲಿ ಹೀಗಾಗದು. ಹಳೆಯ ಬಗೆಯ ಹಾರ್ಡ್‌ಡಿಸ್ಕು ಬಿಲ್ಲೆಯ ಮೇಲೆ ಅಯಸ್ಕಾಂತದ ಗುರುತುಗಳನ್ನು ಮಾಡಿಡುತ್ತದೆ. ಮೊಬೈಲಿನದು ವಿದ್ಯುತ್ತಿನ ಕಣಗಳನ್ನು ಬಿಗಿಯಾಗಿ ಕೂಡಿಹಾಕಿಡುತ್ತದೆ. ‘ಸೇವ್’ ಮಾಡುವುದೆಂದರೆ ಮೇಜಿನ ಮೇಲಿನ ಕಾಗದವನ್ನು ಕಪಾಟಿಗೆ ಸೇರಿಸುವುದು. ಕೆಲಸದ ನಡುವೆ ಆಗಾಗ ಸೇವ್ ಮಾಡಿರೆಂದು ಹೇಳುವುದು ಇದಕ್ಕಾಗಿಯೇ.

೫. ಹುಕುಮಿನ ಸಾಲು

ಹತ್ತಿ ಗಿರಣಿಗಳಿಗೆ ಹೆಸರಾದ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಟ್ಟಣದಲ್ಲಿ ೧೯೪೮ರ ಜೂನ್ ೨೧ರಂದು ಒಂದು ಪ್ರಯೋಗ ನಡೆಯಿತು. ಅಲ್ಲಿಯ ವಿಶ್ವವಿದ್ಯಾಲಯದ ಯಂತ್ರವೊಂದು, ಮಾಡಬೇಕಾದ ಕೆಲಸದ ಹುಕುಮುಗಳನ್ನೂ ಅಂಕಿಗಳನ್ನೂ ಒಂದೇ ವಿದ್ಯುತ್ ಉಗ್ರಾಣದಲ್ಲಿ ಇಟ್ಟುಕೊಂಡು ಮೊದಲ ಬಾರಿಗೆ ಲೆಕ್ಕ ನಡೆಸಿತು. ಆ ಉಗ್ರಾಣದ ಅಳತೆ ೧೨೮ ಬೈಟು ಮಾತ್ರ. ಇಂದಿನ ಕ್ರಮದಲ್ಲಿ ‘ಕನ್ನಡ’ ಎಂಬ ಮಾತನ್ನು ಎಂಟು ಸಲ ಬರೆದರೆ ತುಂಬಿಹೋಗುವಷ್ಟು. ನಮ್ಮ ದೇಶದಲ್ಲಿಯೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ತಾವೇ ಕಟ್ಟಿದ ಟಿಫ್ರಾಕ್ ಎಂಬ ಯಂತ್ರವನ್ನು ೧೯೬೦ರಲ್ಲಿ ನಡೆಸಿದರು.

ಹುಕುಮುಗಳ ಸಾಲಿಗೆ ಪ್ರೋಗ್ರಾಮ್ ಎಂದು ಹೆಸರು. ಉಗ್ರಾಣದ ಪ್ರತಿ ಖಾನೆಗೂ ಒಂದು ನಂಬರಿದೆ. ೧೦೧ನೆಯ ಖಾನೆಯಲ್ಲಿ ಓವರ್‌ಟೈಮಿನ ತಾಸು, ೧೦೨ರಲ್ಲಿ ತಾಸಿನ ದರ ಇದೆಯೆನ್ನಿ. ಪ್ರೋಗ್ರಾಮ್ ಹೀಗಿರುತ್ತದೆ: ‘೧೦೧ರಲ್ಲಿರುವುದನ್ನು ತಾ. ೧೦೨ರಲ್ಲಿರುವುದರಿಂದ ಗುಣಿಸು. ಬಂದುದನ್ನು ೧೦೩ರಲ್ಲಿ ಇಡು.’ ‘೧೦೧ರಲ್ಲಿ ಸೊನ್ನೆಯಿದ್ದರೆ ಮುಂದಿನ ಹೆಸರಿಗೆ ಹೋಗು’ ಎಂದೂ ಹೇಳಬಹುದು. ಪ್ರೊಸೆಸರ್ ಒಂದೊಂದೇ ಹುಕುಮನ್ನು ತರುತ್ತದೆ, ಅದರ ಅರ್ಥವನ್ನು ಬಿಡಿಸುತ್ತದೆ, ಮಾಡುತ್ತದೆ, ಮುಂದಿನದಕ್ಕೆ ಹೋಗುತ್ತದೆ. ಈ ಹೆಜ್ಜೆಗಳಿಗೆ ತಾಳ ಹಾಕುವ ಗಡಿಯಾರ ಅದರೊಳಗೇ ಇದೆ. ‘ಮೂರು ಗಿಗಾಹರ್ಟ್ಸ್’ ಎಂದರೆ ಸೆಕೆಂಡಿಗೆ ಮುನ್ನೂರು ಕೋಟಿ ತಾಳ.

ಹಲವು ಪ್ರೋಗ್ರಾಮುಗಳು ಒಟ್ಟಿಗೆ ಇರುವಾಗ ಯಾರಿಗೆ ಎಷ್ಟು ಮೇಜು, ಯಾರ ಪಾಳಿ ಈಗ, ಪ್ರಿಂಟರು ಯಾರಿಗೆ ಎಂದು ನಿರ್ಣಯಿಸಲು ಒಬ್ಬ ಮುಕಾದಮ ಬೇಕು. ಆ ಕೆಲಸ ಮಾಡುವ ದೊಡ್ಡ ಪ್ರೋಗ್ರಾಮಿಗೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಮೊಬೈಲಿನ ಆಂಡ್ರಾಯ್ಡ್, ಕಚೇರಿಯ ವಿಂಡೋಸ್ ಇಂಥವು. ಕೀಲಿಮಣೆಯಿಂದ ಒಳಗೆ ಹೋಗುವುದು ಇನ್‌ಪುಟ್. ಪರದೆಯ ಮೇಲೆ, ಕಾಗದದ ಮೇಲೆ ಹೊರಬರುವುದು ಔಟ್‌ಪುಟ್.

೬. ಐದು ತಾಸು ಎಲ್ಲಿ ಹೋದವು?

ಈಗ ಕಾಕಾ ಅವರ ಪಗಾರ ಚೀಟಿಗೆ ಬರೋಣ. ಅವರು ದಿನಕ್ಕೆ ಎರಡೂವರೆ ತಾಸಿನಂತೆ ಇಪ್ಪತ್ತೈದು ದಿನ ಓವರ್‌ಟೈಮ್ ಮಾಡಿದ್ದರು. ಹಾಜರಿ ಪುಸ್ತಕದಲ್ಲಿ ಪಾಳಿಯವರು ಅದನ್ನು ‘೨.೩೦’ ಎಂದು ಬರೆದಿದ್ದರು. ಎರಡು ತಾಸು ಮೂವತ್ತು ನಿಮಿಷ ಎಂದು ಅದರ ಅರ್ಥ. ನಾನು ಅದನ್ನು ಹಾಗೆಯೇ ಯಂತ್ರಕ್ಕೆ ಒತ್ತಿದೆ. ಯಂತ್ರಕ್ಕೆ ತಾಸು ತಿಳಿಯದು, ನಿಮಿಷ ತಿಳಿಯದು. ಅದು ಚುಕ್ಕಿಯನ್ನು ದಶಾಂಶದ ಚುಕ್ಕಿಯೆಂದೇ ತೆಗೆದುಕೊಂಡಿತು. ೨.೩೦ ಎಂದರೆ ಎರಡು ಪೂರ್ಣಾಂಕ, ಹತ್ತರಲ್ಲಿ ಮೂರು ಭಾಗ. ತಾಸಿನ ಹತ್ತರಲ್ಲಿ ಮೂರು ಭಾಗವೆಂದರೆ ಹದಿನೆಂಟು ನಿಮಿಷ. ಮೂವತ್ತು ನಿಮಿಷದ ಬದಲು ಹದಿನೆಂಟು! ದಿನಕ್ಕೆ ಹನ್ನೆರಡು ನಿಮಿಷ ಮಾಯ. ಇಪ್ಪತ್ತೈದು ದಿನಕ್ಕೆ ಮುನ್ನೂರು ನಿಮಿಷ. ಸರಿಯಾಗಿ ಐದು ತಾಸು.

ತಿಳಿಯಲು ಸುಲಭವಾಗಲೆಂದು ದರ ತಾಸಿಗೆ ೧೨೦ ರೂಪಾಯಿ ಎಂದು ಹಿಡಿಯಿರಿ. ೨.೫ ತಾಸಿಗೆ ೩೦೦ ರೂಪಾಯಿ ಬರಬೇಕು, ೨.೩ ತಾಸಿಗೆ ೨೭೬ ಬರುತ್ತದೆ. ತಿಂಗಳಿಗೆ ೬೦೦ ರೂಪಾಯಿ ಕೊರತೆ. ಅದು ಊರಲ್ಲಿ ಓದುವ ಮಗುವಿನ ಪುಸ್ತಕದ ಹಣವಾದೀತು, ತಾಯಿಯ ಔಷಧದ ಹಣವಾದೀತು.

ಯಂತ್ರದ ಗುಣಾಕಾರದಲ್ಲಿ ಕಿಂಚಿತ್ತೂ ತಪ್ಪಿರಲಿಲ್ಲ. ಕಾಕಾನ ಗಡಿಯಾರದಲ್ಲಿಯೂ ತಪ್ಪಿರಲಿಲ್ಲ. ತಪ್ಪು ನನ್ನ ಬೆರಳಿನದು. ಹಿಂದಿನ ತಿಂಗಳುಗಳನ್ನು ತೆಗೆದು ನೋಡಿದಾಗ ಇದೇ ರೀತಿ ಇನ್ನೂ ಹಲವರಿಗೆ ಕಡಿಮೆಯಾಗಿತ್ತು. ಮೇಲಿನವರಿಗೆ ತಿಳಿಸಿ, ತಾಸಿಗೆ ಒಂದು, ನಿಮಿಷಕ್ಕೆ ಒಂದು ಎಂದು ಎರಡು ಪ್ರತ್ಯೇಕ ಕಾಲಮುಗಳನ್ನು ಮಾಡಿ, ನಿಮಿಷವನ್ನು ಅರವತ್ತರಿಂದ ಭಾಗಿಸಿ ತಾಸಿಗೆ ಕೂಡಿಸುವಂತೆ ಸೂತ್ರವನ್ನು ತಿದ್ದಿದೆವು. ಬಾಕಿಯೂ ಸಂದಾಯವಾಯಿತು. ಅಷ್ಟರೊಳಗೆ ಕೆಲಸ ಬಿಟ್ಟು ಊರಿಗೆ ಹೋಗಿದ್ದ ಒಬ್ಬರು ಮಾತ್ರ ಸಿಗಲಿಲ್ಲ. ಅವರ ಹೆಸರಿನ ಮುಂದೆ ಆ ಮೊತ್ತ ಇಂದಿಗೂ ಹಾಗೆಯೇ ಇದೆ. ಪ್ರತಿ ತಿಂಗಳು ಪಟ್ಟಿ ತೆರೆದಾಗ ಅದನ್ನು ನಾನು ನೋಡುತ್ತೇನೆ.

ಬ್ಯಾಬೇಜನ ಯಂತ್ರದ ಕುರಿತು ೧೮೪೩ರಲ್ಲಿ ಟಿಪ್ಪಣಿಗಳನ್ನು ಪ್ರಕಟಿಸಿದ ಏಡಾ ಲವ್‌ಲೇಸ್ ಎಂಬ ವಿದುಷಿ ಆಗಲೇ ಈ ಎಚ್ಚರಿಕೆಯನ್ನು ಕೊಟ್ಟಿದ್ದಳು. ಆ ಯಂತ್ರ ತಾನಾಗಿ ಏನನ್ನೂ ಹೊಸದಾಗಿ ಹುಟ್ಟಿಸದು. ಹೇಗೆ ಮಾಡಬೇಕೆಂದು ನಾವು ಹೇಳಬಲ್ಲುದನ್ನು ಮಾತ್ರ ಮಾಡುತ್ತದೆ ಎಂಬುದು ಅವಳ ಮಾತಿನ ತಾತ್ಪರ್ಯ. ಪಗಾರದ ಲೆಕ್ಕದಂಥ ಕೆಲಸಗಳಿಗೆ ಇಂದಿಗೂ ಇದು ಸತ್ಯ.

ಆದಕಾರಣ, ಬಂಧುಗಳೇ, ಪಗಾರದ ಕಟ್ಟೆಯಲ್ಲಾಗಲಿ, ಬ್ಯಾಂಕಿನಲ್ಲಾಗಲಿ, ಪಡಿತರ ಅಂಗಡಿಯಲ್ಲಾಗಲಿ ಯಾರಾದರೂ “ಕಂಪ್ಯೂಟರ್ ಹೀಗೆ ಹೇಳುತ್ತದೆ” ಎಂದರೆ ಹೆದರಿ ಹಿಂದಿರುಗಬೇಡಿರಿ. ವಿನಯದಿಂದ ಮೂರು ಪ್ರಶ್ನೆ ಕೇಳಿರಿ. ಒಳಗೆ ಹಾಕಿದ ಅಂಕಿ ಯಾವುದು? ಅದನ್ನು ಯಾವ ಪುಸ್ತಕದಿಂದ ತೆಗೆದುಕೊಂಡಿರಿ? ಯಾವ ಸೂತ್ರದಂತೆ ಲೆಕ್ಕ ಮಾಡಿದಿರಿ? ಜೊತೆಗೆ ಕಾಕಾನಂತೆ ಕಿಸೆಯಲ್ಲೊಂದು ನೋಟುಬುಕ್ಕು ಇರಲಿ. ನನ್ನಂತೆ ಮೇಜಿನ ಈಚೆ ಕುಳಿತಿರುವ ಗುಮಾಸ್ತ ಮಿತ್ರರಿಗೆ ಒಂದು ಬಿನ್ನಹ: ಕೇಳಿದವರಿಗೆ ಉತ್ತರ ಕೊಡುವ ಮೊದಲು ಒಮ್ಮೆ ಪಟ್ಟಿ ತೆರೆದು ನೋಡಿರಿ.

ಅಭ್ಯಾಸ

೧. ಒಂದು, ಎರಡು, ನಾಲ್ಕು, ಎಂಟು ಕಿಲೋದ ಕಲ್ಲುಗಳಿಂದ ಹನ್ನೊಂದು ಕಿಲೋ ತೂಗಿರಿ. ಅದನ್ನು ಸೊನ್ನೆ, ಒಂದುಗಳಲ್ಲಿ ಬರೆಯಿರಿ.

೨. ಒಂದು ತಾಸು ನಲವತ್ತೈದು ನಿಮಿಷವನ್ನು ‘೧.೪೫’ ಎಂದು ಯಂತ್ರಕ್ಕೆ ಒತ್ತಿದರೆ ದಿನಕ್ಕೆ ಎಷ್ಟು ನಿಮಿಷ ನಷ್ಟ?

೩. ಮೊಬೈಲ್ ಆರಿಸಿ ಮತ್ತೆ ಹೊತ್ತಿಸಿದರೂ ಮನೆಯವರ ಫೋಟೋ ಅಳಿಯುವುದಿಲ್ಲ. ಅದು ಯಾವ ಉಗ್ರಾಣದಲ್ಲಿದೆ?

ಉತ್ತರಗಳನ್ನು ವಾಚನಾಲಯದ ಮೇಜಿನ ಮೇಲಿರುವ ಪುಸ್ತಕದಲ್ಲಿ ಬರೆದಿಡಿರಿ. ಸಂಶಯವಿದ್ದವರು ಭಾನುವಾರ ಸಾಯಂಕಾಲ ಬಂದರೆ ಕೂಡಿ ವಿಚಾರ ಮಾಡೋಣ. ಪಗಾರ ಚೀಟಿಯನ್ನೂ ತರಬಹುದು.